ಕಪ್ಪೆಯ ಬಾಯಲ್ಲಿ ನಮ್ಮ ಮಾತು

ಮಕ್ಕಳಿಗೆಂದು ಹಾಕಿದ ಕಾರ್ಟೂನಿನ ಮುಂದೆ ಮಕ್ಕಳಿಗಿಂತ ಮೊದಲೇ ಬಂದು ಕೂರುವ ದೊಡ್ಡವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ; ಬೆಟಗೇರಿಯ ನಮ್ಮ ಮನೆಯಲ್ಲಿ ಅದು ನಾನು. ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ, ಅರ್ಧ ತಲೆ ನರೆತ ಮನುಷ್ಯನೊಬ್ಬ ರೆಕ್ಕೆಯ ಹುಲಿಗಳೂ ಗಾಳಿಯಲ್ಲಿ ತೇಲುತ್ತ ಒದೆಯುವ ವೀರರೂ ಇರುವ ಚಿತ್ರಗಳನ್ನು ಬಾಯಿ ತೆರೆದು ನೋಡುತ್ತಾನೆಂದು ಗೊತ್ತಾದರೆ ಮರ್ಯಾದೆ ಉಳಿಯುವುದಿಲ್ಲ. ಅದಕ್ಕೇ ಕೈಯಲ್ಲೊಂದು ಉತ್ತರಪತ್ರಿಕೆಯ ಕಟ್ಟು ಹಿಡಿದಿರುತ್ತೇನೆ. ಯುದ್ಧದ ರಭಸದಲ್ಲಿ ಕೆಲವು ಮಕ್ಕಳಿಗೆ ಎರಡು ಅಂಕ ಹೆಚ್ಚಿಗೆ ಬಿದ್ದದ್ದೂ ಉಂಟು.

ಈಚೆಗೆ ಇಂಥ ಚಿತ್ರಗಳು ಕನ್ನಡದಲ್ಲೇ ಮಾತಾಡತೊಡಗಿವೆ. ಒಂದು ಭಾನುವಾರ ಮಧ್ಯಾಹ್ನ ಅಂಥದೊಂದು ಟಿವಿಯಲ್ಲಿ ಬಂತು. ನನ್ನ ಒಂಬತ್ತು ವರ್ಷದ ಮಗಳು ತೇಜು, ಅವಳ ಗೆಳತಿಯಾದ ಎದುರುಮನೆಯ ಟೇಲರ್ ಇಮಾಮಸಾಬರ ಮಗಳು ಶಾಹೀನ್, ಡಂಬಳದಿಂದ ಬಂದು ನಮ್ಮೊಡನೆ ಇರುವ ನನ್ನ ಅವ್ವ, ಎಲ್ಲರೂ ಕೂತೆವು. ಕಥೆ ನಡೆಯುವುದು ಮಂಜು ಮುಸುಕಿದ ಯಾವುದೋ ದೇಶದಲ್ಲಿ. ಆದರೂ ಪ್ರತಿಯೊಬ್ಬರೂ ಅದರಲ್ಲಿ ತಮ್ಮದೇನನ್ನೋ ಹುಡುಕಿಕೊಂಡರು. ಕತ್ತಿ ಹಿಡಿದ ಹುಡುಗಿಗೆ ಎರಡು ಜಡೆ ಇದ್ದುದರಿಂದ ತೇಜು ಅವಳು ತನ್ನಂಥವಳೆಂದಳು. ಯುದ್ಧಕ್ಕೆ ಮೊದಲು ಆ ಹುಡುಗಿ ತಲೆಗೆ ಬಟ್ಟೆ ಕಟ್ಟಿಕೊಂಡದ್ದೇ ತಡ, ಶಾಹೀನ್ ತನ್ನ ಹಕ್ಕು ಮಂಡಿಸಿದಳು. ಕತ್ತಿಯ ಹುಡುಗಿ ವಿದ್ಯೆ ಕಲಿಯುವ ಬೆಟ್ಟ ಕಪ್ಪತಗುಡ್ಡವೇ ಎಂದು ಅವ್ವ ತೀರ್ಮಾನಿಸಿದಳು. ಡೋಣಿ ಊರಿನ ಕಡೆಯಿಂದ ನೋಡಿದರೆ ಹಾಗೇ ಕಾಣುತ್ತದಂತೆ.

ಅಷ್ಟರಲ್ಲಿ ಕಪ್ಪೆ ಬಂತು. ಕೋಟೆಯ ಬಾಗಿಲು ಕಾಯುವ, ಸದಾ ತಿನ್ನುವ, ರಾಕ್ಷಸನನ್ನು ಕಂಡರೆ ಓಡಿಹೋಗುವ ಡೊಳ್ಳುಹೊಟ್ಟೆಯ ಕಪ್ಪೆ. ಹುಡುಗಿ, ಗುರು, ಕೊನೆಗೆ ರಾಕ್ಷಸ ಕೂಡ ಪುಸ್ತಕದ ಕನ್ನಡ ಆಡುತ್ತಿದ್ದರೆ, ಕಪ್ಪೆ ಮಾತ್ರ, "ಯಪ್ಪಾ, ಹೊಟ್ಟಿ ಭಾಳ ಹಸದೈತ್ರಿ," ಎಂದಿತು. ಅವ್ವನ ಮುಖ ಅರಳಿತು. ಇದು ನಮ್ಮ ಕಡೆಯದು ನೋಡು ಎಂದು ಹೇಳಿ ಮುಂದಕ್ಕೆ ಸರಿದು ಕೂತಳು. ನಾವೆಲ್ಲ ನಕ್ಕೆವು. ಚಿತ್ರ ಮುಗಿಯುವವರೆಗೂ ಅದು ಬಾಯಿ ತೆರೆದಾಗಲೆಲ್ಲ ನಕ್ಕೆವು.

ಆ ನಗುವಿನ ಫಲ ಮರುದಿನ ಗೊತ್ತಾಯಿತು. ಊಟಕ್ಕೆ ಕರೆಯಲು ಬಂದ ಅವ್ವನಿಗೆ ತೇಜು, "ಅಜ್ಜಿ, ಐತಿ ಅನಬ್ಯಾಡ, ಇದೆ ಅನ್ನು. ಕಪ್ಪಿ ಮಾತಾಡಿದಂಗ ಆಗತೈತಿ," ಎಂದಳು. ತನ್ನ ಬಾಯಲ್ಲೂ ಅದೇ ಬಂದದ್ದು ಅವಳ ಗಮನಕ್ಕೆ ಬರಲಿಲ್ಲ. ಅಂದಿನಿಂದ ಅವ್ವ ಮೊಮ್ಮಗಳ ಗೆಳತಿಯರು ಬಂದರೆ ಅವರ ಮುಂದೆ ಶೇಂಗಾ-ಬೆಲ್ಲ ಇಟ್ಟು, ಕೈಸನ್ನೆಯಲ್ಲೇ ತಿನ್ನಲು ಹೇಳಿ ಅಡುಗೆಮನೆ ಸೇರುತ್ತಿದ್ದಳು. ಇಡೀ ಓಣಿಗೆ ಕೇಳುವಂತೆ ಮಾತಾಡುತ್ತಿದ್ದ ಹೆಂಗಸು ಅವಳು.

ನನಗೆ ಸಿಟ್ಟು ಬಂತು. ವೀರರಿಗೊಂದು ಕನ್ನಡ, ಹೊಟ್ಟೆಬಾಕರಿಗೊಂದು ಕನ್ನಡ ಯಾಕೆ ಎಂದು ಟಿವಿಯವರನ್ನು ಕೇಳಿ ಎರಡು ಪುಟದ ಪತ್ರ ಬರೆದು, ಹೆಂಡತಿ ಗಿರಿಜಾಳಿಗೆ ಓದಿ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, "ಹುಡುಗರು ಐತಿ ಅಂತ ಬರದ್ರ ಕೆಂಪು ಗೆರಿ ಎಳಿಯೋರು ಯಾರ್ರಿ?" ಎಂದಳು. ಪತ್ರ ಅಲ್ಲಿಗೇ ನಿಂತಿತು.

ಮುಂದಿನ ಭಾನುವಾರ ಅದೇ ಚಿತ್ರ ಮತ್ತೆ ಬಂದಾಗ ನಾನು ಟಿವಿಯ ಧ್ವನಿಯನ್ನು ಪೂರ್ತಿ ಇಳಿಸಿ, ಈ ಸಲ ಮಾತು ನಾವೇ ಆಡೋಣವೆಂದೆ. ಹುಡುಗಿಯ ಪಾತ್ರಕ್ಕೆ ಜಗಳವಾಯಿತು. ಕತ್ತಿ ಬಲಗೈಯಲ್ಲಿದ್ದಾಗ ತೇಜು, ಎಡಗೈಗೆ ಬಂದಾಗ ಶಾಹೀನ್ ಎಂದು ಇತ್ಯರ್ಥವಾಯಿತು. ಗುರುವಾಗಲು ಮಾತ್ರ ಅವ್ವ ಒಪ್ಪಲಿಲ್ಲ. ತನ್ನ ಮಾತು ಅಂಥ ದೊಡ್ಡವರಿಗೆ ಹೊಂದುವುದಿಲ್ಲವೆಂದು ಗೋಡೆಯ ಕಡೆ ನೋಡಿದಳು. ತೇಜು ಎದ್ದುಹೋಗಿ ಅವಳ ತೊಡೆಗೆ ಒತ್ತಿಕೊಂಡು ಕೂತು, "ನೀ ಇಲ್ದಿದ್ರ ನಮಗ ಕತ್ತಿ ಯಾರು ಕಲಸ್ತಾರ, ಅಜ್ಜಿ," ಎಂದಳು.

ಪರದೆಯ ಮೇಲೆ ಗುರು ಬಂಡೆಯೇರಿ ನಿಂತ. ಅವ್ವ ಗಂಟಲು ಸರಿಮಾಡಿಕೊಂಡು, "ಏ ಹುಡುಗಿ, ಕತ್ತಿ ಆಮ್ಯಾಲ ಹಿಡಿಯಂತಿ. ಮೊದಲ ನೆಟ್ಟಗ ನಿಂದ್ರಾಕ ಕಲಿ," ಎಂದಳು. ನೆಲದ ಮೇಲೆ ಕೂತಿದ್ದ ಇಬ್ಬರೂ ಹುಡುಗಿಯರು ತಮಗರಿವಿಲ್ಲದೆ ಬೆನ್ನು ನೆಟ್ಟಗೆ ಮಾಡಿದರು. ನಾನೂ ಮಾಡಿದೆ.

ಉಳಿದದ್ದು ಕಪ್ಪೆ. ಅದನ್ನು ನನಗೆ ಕೊಟ್ಟರು; ಆದರೆ ಶಾಲೆಯಲ್ಲಿ ಆಡುವ ಕನ್ನಡವನ್ನೇ ಆಡಬೇಕೆಂದು ಕರಾರು ಹಾಕಿದರು. ಕಪ್ಪೆ ಬಾಯಿ ತೆರೆದಾಗ ನಾನು ಗಂಭೀರವಾಗಿ, "ಅಯ್ಯಾ, ನನಗೆ ವಿಪರೀತ ಹಸಿವಾಗುತ್ತಿದೆ. ಕಿಂಚಿತ್ ಆಹಾರವನ್ನು ದಯಪಾಲಿಸಿರಿ," ಎಂದೆ. ಶಾಹೀನ್ ನೆಲದ ಮೇಲೆ ಹೊರಳಾಡಿದಳು. ಗಿರಿಜಾ ಸೆರಗು ಬಾಯಿಗೊತ್ತಿಕೊಂಡಳು. ಅವ್ವ ಮಾತ್ರ ನಗಲಿಲ್ಲ. ಮಿರ್ಚಿ ಭಜಿಯ ತಟ್ಟೆಯನ್ನು ನನ್ನ ಕಡೆ ಸರಿಸಿ, "ನಗಬ್ಯಾಡ್ರಿ. ಪಾಪ, ಯಾ ಊರಿಂದೋ ಏನೋ. ಮೊದಲ ತಿನ್ಲಿ," ಎಂದಳು.