ಕ್ಯಾಮ್ ಗಾಲಿಗೆ ಅಮಾವಾಸ್ಯೆಯ ಕುಂಕುಮ

ಮೊದಲೇ ಹೇಳಿಬಿಡುತ್ತೇನೆ, ನನ್ನ ಅಕ್ಷರ ಕೋಳಿ ಕೆದರಿದಂತಿದೆ, ಮಾತೂ ಅಷ್ಟಕ್ಕಷ್ಟೇ. ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವಳು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಆದರೆ ಎಂಜಿನ್ ವಿಷಯದಲ್ಲಿ ಈ ಸೀಮಾ ತಪ್ಪುವವಳಲ್ಲ! ಹೋದ ಅಮಾವಾಸ್ಯೆಯವರೆಗೂ ಹಾಗೆಂದೇ ನಂಬಿದ್ದೆ.

ಬೇಡಕಿಹಾಳದಲ್ಲಿ ಸಿದ್ದಲಿಂಗ ಮಾಮಾನ ಗ್ಯಾರೇಜ್ ಇದೆ. ಅಲ್ಲಿ ಕಲಿಯುತ್ತೇನೆಂದು ಅವನ ಬೆನ್ನು ಹತ್ತಿದ್ದೆ. ಅವನು ನಮ್ಮ ಮನೆಯ ಹಳೆಯ ಬೈಕು ತೋರಿಸಿದ.

"ಎಣ್ಣಿ ಸೋರಾಕತ್ತೇತಿ. ಎಂಜಿನ್ ಹೆಡ್ ಬಿಚ್ಚಿ ಪ್ಯಾಕಿಂಗ್ ಬದಲಿ ಮಾಡು. ಚಾಲೂ ಆತಂದ್ರ ಗ್ಯಾರೇಜಿಗೆ ಬಾ. ಆಗ್ಲಿಲ್ಲಂದ್ರ ನಿಪ್ಪಾಣಿ ಟೇಲರಿಂಗ್ ಕ್ಲಾಸ್!"

ಪಿಸ್ಟನ್ ಮೇಲೆ ಬಂದಾಗ ವಾಲ್ವು ದಾರಿ ಬಿಟ್ಟಿರಬೇಕು. ಅದನ್ನು ನೋಡಿಕೊಳ್ಳುವುದು ಕ್ಯಾಮ್ ಗಾಲಿ. ಅದರ ಹಲ್ಲು ತಪ್ಪಿ ಕೂತರೆ ಇಬ್ಬರಿಗೂ ಡಿಕ್ಕಿ! ಗಾಲಿಯ ಮೇಲೂ ಎಂಜಿನ್ ಮೈಮೇಲೂ ಕಂಪನಿಯವರು ಕೊರೆದ ಗುರುತು ಇತ್ತು. ನನಗೆ ಕಂಪನಿಯವರ ಮೇಲೂ ಸಂಶಯ. ಬಿಚ್ಚುವ ಮೊದಲು ಒಂದು ಹಲ್ಲಿಗೆ, ಅದರೆದುರಿನ ಎಂಜಿನ್ ಮೈಗೆ, ಎಣ್ಣೆಯಲ್ಲಿ ಕಲಸಿದ ಕುಂಕುಮದ ಬೊಟ್ಟಿಟ್ಟೆ. ಮಾಮಾನ ಮೇಲಂತೂ ಭಾರೀ ಸಂಶಯ! ಊಟಕ್ಕೆ ಹೋಗುವಾಗ ಬಿಚ್ಚಿದ ಗಾಲಿ ಇಟ್ಟ ತಾಟಿಗೆ ಬುಟ್ಟಿ ಮುಚ್ಚಿ, ಬುಟ್ಟಿಯ ಮೇಲೆ ಕಲ್ಲು ಹೇರಿದೆ.

ಮರಳಿ ಬಂದಾಗ ಕಲ್ಲು ಅಲ್ಲೇ, ಬೊಟ್ಟೂ ಹಾಗೇ. ಹೊಸ ಪ್ಯಾಕಿಂಗ್ ಹಾಕಿ, ಬೊಟ್ಟಿಗೆ ಬೊಟ್ಟು ಕೂಡಿಸಿ, ನಟ್ಟು ಬಿಗಿದು, ಮಾಮಾನೆದುರು ಮೆಲ್ಲಗೆ ಕಿಕ್ ಒತ್ತಿದೆ.

ಟಕ್! ಅರ್ಧಕ್ಕೇ ನಿಂತಿತು. ನಾನೂ ಕಾಲು ತೆಗೆದೆ.

"ನೀನ ಗಾಲಿ ಮುಟ್ಟೀದಿ! ಬೆರಳ ತೋರ್ಸು!" ಎಂದೆ. ಅವನ ಬೆರಳೆಲ್ಲ ಕೆಂಪು! "ಸಿಕ್ಕಿಬಿದ್ದಿ ಮಾಮಾ!"

"ಲೇ, ಇವತ್ತ ಅಮಾಸಿ. ಗಾಡಿ ಪೂಜಿ ಮಾಡಿದ ಊರ ಮಂದೀದೆಲ್ಲಾ ಬೆರಳ ಕೆಂಪ ಐತಿ!"

ಆಗ ಪೂಜೆಯ ತಟ್ಟೆ ಹಿಡಿದು ನಮ್ಮ ಆಯಿ, ಅಂದರೆ ಅಜ್ಜಿ ರುಕ್ಮವ್ವ ಬಂದಳು.

"ನಮ್ಮ ಗಾಡೀದು ಪೂಜಿ ಆಗೇತಿ. ಬುಟ್ಟಿ ಬುಡಕಿನ ಗಾಲಿ ಭಾಳ ಹೊಲಸಾಗಿತ್ತ ಬೇ. ಉಜ್ಜಿ ತೊಳದು ಹೊಸಾ ಕುಂಕುಮ ಹಚ್ಚೀನಿ. ಮೊದಲ ಎಷ್ಟಿತ್ತೋ ಅಷ್ಟ, ಒಂದ ಹಲ್ಲಿಗೆ ಒಂದ ಬೊಟ್ಟ! ಬೆಕ್ಕ ಬಾಯಿ ಹಾಕೀತಂತ ಕಲ್ಲೂ ಮತ್ತ ಇಟ್ಟೀನಿ."

ಲೆಕ್ಕ ಸರಿ, ಹಲ್ಲು ಬೇರೆ! ಊರನ್ನೆಲ್ಲ ಸಂಶಯಿಸಿದವಳು ಆ ಕುಂಕುಮವೊಂದನ್ನು ಕಣ್ಣುಮುಚ್ಚಿ ನಂಬಿದ್ದೆ.

ಮಾಮಾ ಮುಚ್ಚಳ ಬಿಚ್ಚಿ ಕಂಪನಿಯ ಗುರುತಿನ ಮೇಲೆ ಬೆರಳಿಟ್ಟ. "ಕಬ್ಬಿಣದಾಗ ಕೊರದಾರ ನೋಡವ್ವಾ. ಯಾವ ಆಯಿ ತೊಳದರೂ ಹೋಗಂಗಿಲ್ಲ."

ಗುರುತಿಗೆ ಗುರುತು ಕೂಡಿಸಿ ಕಿಕ್ ಒದ್ದೆ. ಎರಡನೇ ಕಿಕ್ಕಿಗೆ ಬೈಕು ಗುಡುಗಿತು! ಮಾಮಾ ಸ್ವಲ್ಪ ಹೊತ್ತು ಸದ್ದು ಕೇಳಿದ.

"ಟಕ್ ಅಂದಾಗ ನೀ ಜೋರ ಒದೀಲಿಲ್ಲ. ನಾ ಕಲಿಯುವಾಗ ಒದ್ದು ಎರಡೂ ವಾಲ್ವ್ ಬಗ್ಗಿಸಿದ್ದೆ. ಸೋಮವಾರ ಬಾ."

ನನ್ನ ಎದೆ ಉಬ್ಬುವಷ್ಟರಲ್ಲಿ ಆಯಿ ಬೈಕಿಗೆ ಕೈ ಮುಗಿದಳು.

"ಅಕೀ ಏನ ಮಾಡ್ಯಾಳೋ! ನಾ ಪೂಜಿ ಮಾಡಿದ್ದಕ್ಕ ವಾಲ್ವ್ ಉಳದಾವು."

ಸೋಮವಾರ ಒಂಬತ್ತಕ್ಕೆ ಗ್ಯಾರೇಜಿಗೆ ಹೋಗಿ, ಮೊದಲು ಮಾಮಾನ ಕ್ಷಮೆ ಕೇಳಿ, ಆಮೇಲೆ ನಟ್ಟು ಬಿಚ್ಚುವ ಪಾನಾ ಹಿಡಿಯುತ್ತೇನೆ.