ವಲ್ಲಿಯ ಕೆಳಗಿನ ಕುಣಿಕೆ

ಭೀಮಶಾನ ಉಂಗುರಬೆರಳು ಸಂತೆಯಲ್ಲಿ ಒಂದು ಮಾತು ಹೆಚ್ಚಿಗೆ ಆಡಿದ್ದೇ ಎಲ್ಲ ರಗಳೆಗೂ ಮೂಲ.

ಆಳಂದದ ದನದ ಸಂತೆಯಲ್ಲಿ ದರವನ್ನು ಬಾಯಲ್ಲಿ ಹೇಳುವ ಪದ್ಧತಿಯಿರಲಿಲ್ಲ. ದಲಾಲಿ ಮಾಡುವವನು ಹೆಗಲ ಮೇಲಿನ ವಲ್ಲಿಯನ್ನು ಕೈ ಮೇಲೆ ಹರಡಿಕೊಳ್ಳಬೇಕು, ಕೊಳ್ಳುವವನು ಅದರ ಕೆಳಗೆ ಕೈ ತೂರಿಸಬೇಕು, ಆಮೇಲೆ ಬೆರಳುಗಳು ಮಾತಾಡಬೇಕು. ವ್ಯವಹಾರ ಮುಗಿಯುವ ಮುಂಚೆ ವಲ್ಲಿ ಎತ್ತುವುದೆಂದರೆ ನಾಲ್ಕು ಜನರ ಎದುರಿಗೆ ಒಬ್ಬನ ರುಮಾಲು ಕಿತ್ತ ಹಾಗೆ. ಭೀಮಶಾ ಮೀಸೆ ಬರುವ ಮೊದಲೇ ಈ ಭಾಷೆ ಕಲಿತವನು. ಆದರೆ ಈ ಚಳಿಗಾಲದಲ್ಲಿ ಅವನ ಬಲಗೈ ಬೆರಳುಗಳು ಹಳೆಯ ಕದದ ಕೀಲಿನಂತೆ ಬಿಗಿದುಕೊಂಡಿದ್ದವು. ಹೋದ ಸಂತೆಯಲ್ಲಿ ಮೂರು ಎನ್ನಬೇಕಾದಾಗ ಉಂಗುರಬೆರಳು ಮಡಚದೆ ನಾಲ್ಕಾಯಿತು. ಮಾರಿದವನೂ ಕೊಂಡವನೂ ಒಬ್ಬರ ಕೊರಳಪಟ್ಟಿ ಒಬ್ಬರು ಹಿಡಿದರು.

"ಭೀಮಶಾನ ಕೈ ತೊದಲಾಕತ್ತದ" ಎಂದು ಅವನ ಪ್ರತಿಸ್ಪರ್ಧಿ ಹುಲೆಪ್ಪ ಸಂತೆ ತುಂಬ ಹೇಳಿಕೊಂಡು ಬಂದ. ತೊದಲುವ ಕೈಯ ಹತ್ತಿರ ಯಾರು ಬರುತ್ತಾರೆ?

ಭೀಮಶಾನ ಮನೆಗೂ ಹಮೀದಾಬೇಗಂಳ ಮನೆಗೂ ನಡುವೆ ಒಂದೇ ಗೋಡೆ. ಇಜಾರದ ಲಾಡಿ ಹೆಣೆದು ಬಜಾರಕ್ಕೆ ಕಳಿಸಿ ಬದುಕುವ ಮುದುಕಿ ಅವಳು. ಆಗ ನಲವತ್ತೆಂಟನೆಯ ಇಸವಿ ಶುರುವಾಗಿತ್ತಷ್ಟೆ. ದೇಶ ಸ್ವತಂತ್ರವಾದರೂ ಈ ಸಂಸ್ಥಾನ ಇನ್ನೂ ಅದಕ್ಕೆ ಸೇರಿರಲಿಲ್ಲ, ಗಡಿಯಲ್ಲಿ ಕಾವಲು ಬಿಗಿಯಾಗಿತ್ತು. ದಿನಕ್ಕೊಂದು ಸುದ್ದಿ ಬರುತ್ತಿತ್ತು, ಯಾವುದೂ ಒಳ್ಳೆಯದಿರುತ್ತಿರಲಿಲ್ಲ. ಹೊತ್ತು ಮುಳುಗುವ ಮೊದಲೇ ಮಂದಿ ಬಾಗಿಲಿಗೆ ಅಗಳಿ ಹಾಕುತ್ತಿದ್ದರು. ಆ ಗೋಡೆಯ ಮೇಲಿಂದ ಓಡಾಡುತ್ತಿದ್ದ ಪಲ್ಯದ ಬಟ್ಟಲುಗಳು ಕೂಡ ಯಾಕೋ ನಿಂತುಹೋಗಿದ್ದವು. ಜಗಳವೇನೂ ಆಗಿರಲಿಲ್ಲ, ಯಾರು ಮೊದಲು ಕರೆಯಬೇಕು ಎಂಬುದೊಂದೇ ತಿಳಿಯದಾಗಿತ್ತು. ಭೀಮಶಾ ಬೆರಳು ನೀವಿಕೊಳ್ಳುತ್ತ ನರಳುವುದನ್ನು ಕೇಳಿ, ಒಂದು ದಿನ ಆಚೆಯಿಂದ ಕೆಂಪು ನೂಲಿನ ಉಂಡೆ ಬಂದು ಅಂಗಳದಲ್ಲಿ ಬಿತ್ತು.

"ಭೀಮಶಾ ಭಾಯ್, ಬೆರಳು ಖಾಲಿ ಕುಂತ್ರ ಜಂಗು ಹಿಡೀತಾವ. ಸೂಜಿ ಬ್ಯಾಡ, ಕಡ್ಡಿ ಬ್ಯಾಡ. ಒಂದು ಕೈಯಿನ ನಾಕು ಬೆರಳಿಗೆ ಹಿಂದ ಮುಂದ ನೂಲು ಸುತ್ತು. ಅದರ ಮ್ಯಾಲ ಇನ್ನೊಂದು ಸುತ್ತು. ಇನ್ನೊಂದು ಕೈಲಿಂದ ಕೆಳಗಿನ ಕುಣಿಕಿ ಎತ್ತಿ ಬೆರಳಿನ ತಲಿ ದಾಟಿಸು. ಹಿಂದಿನಿಂದ ಲಾಡಿ ಇಳೀತಾ ಬರ್ತದ."

"ಹೆಣ್ಣಮಕ್ಕಳ ಕೆಲಸ ಅಲ್ಲೇನು ಆಪಾ? ಮಂದಿ ನೋಡಿದ್ರ?"

"ಮಂದಿಗಿ ಕಾಣಲಾರದ ಜಾಗ ನಿನ್ನ ಹೆಗಲ ಮ್ಯಾಲೇ ಅದಲ್ಲ. ಆ ವಲ್ಲಿ ಯಾತಕ್ಕದ?"

ಗೋಡೆ ಎತ್ತರವಿತ್ತು. ಅವನ ಕೈ ಅವಳಿಗೆ ಕಾಣಲಿಲ್ಲ. ಭೀಮಶಾ ನೋವಿದ್ದ ಬಲಗೈಗೆ, ಔಷಧದ ಪಟ್ಟಿ ಕಟ್ಟುವಷ್ಟು ಶ್ರದ್ಧೆಯಿಂದ ನೂಲು ಸುತ್ತಿಕೊಂಡ. ಎಡಗೈಯಿಂದ ಕುಣಿಕೆ ಎತ್ತಿದ. ಸಂತೆ ಬರುವಷ್ಟರಲ್ಲಿ ಗೇಣುಗಟ್ಟಲೆ ಲಾಡಿ ಇಳಿದಿತ್ತು, ಬೆರಳಿಗೂ ಗುಣವಾದಂತೆ ಅನಿಸುತ್ತಿತ್ತು.

ಸಂತೆಯ ದಿನ ಅವನ ಬದುಕಿನದೇ ಪರೀಕ್ಷೆ. ಗಡಿಯ ಖಜೂರಿಯಿಂದ ಗುರಣ್ಣಗೌಡರು ಎತ್ತಿನ ಜೋಡಿ ಹುಡುಕಿಕೊಂಡು ಬರುವವರಿದ್ದರು. ದೂರದ ಇಜೇರಿಯ ಸೈದಪ್ಪ ಒಂದು ಬಿಳಿಯ ಜೋಡಿ ತಂದು ಬೇವಿನ ಮರಕ್ಕೆ ಕಟ್ಟಿದ್ದ. ಈ ವ್ಯಾಪಾರವೂ ತೊದಲಿದರೆ ಭೀಮಶಾ ತನ್ನ ವಲ್ಲಿಯಿಂದ ಬೆವರು ಒರೆಸಿಕೊಳ್ಳಬಹುದು, ಅಷ್ಟೆ. ಗೌಡರು ಬರುವುದರೊಳಗೆ ಬೆರಳು ಸಡಿಲಾಗಲಿ ಎಂದು ಅವನು ಮರದ ಕೆಳಗಿನ ಕಲ್ಲಿನ ಮೇಲೆ ಕುಳಿತು, ವಲ್ಲಿಯೊಳಗೆ ಸದ್ದಿಲ್ಲದೆ ಹೆಣೆಯತೊಡಗಿದ.

ಗೌಡರು ಹೊತ್ತಿಗೆ ಮುಂಚೆ ಬಂದರು. ಎತ್ತಿನ ಹಲ್ಲು ನೋಡಿದರು, ಡುಬ್ಬ ಚಪ್ಪರಿಸಿದರು, ಪದ್ಧತಿಯಂತೆ ಒಂದೂ ಮಾತಾಡದೆ ಬಂದು ಕುಳಿತು ವಲ್ಲಿಯೊಳಗೆ ಕೈ ತೂರಿಸಿದರು. ಅವರ ಬೆಳ್ಳಿಯುಂಗುರ ನೇರ ಕುಣಿಕೆಯೊಳಗೆ ಹೋಯಿತು. ಭೀಮಶಾ ಗಾಬರಿಯಿಂದ ಕೈ ಎಳೆದ. ಗೌಡರೂ ಎಳೆದರು. ನಾಲ್ಕು ಕುಣಿಕೆಗಳೂ ಬಿಗಿದು, ಇಬ್ಬರ ಕೈಗಳು ಒಂದೇ ನೊಗಕ್ಕೆ ಹೂಡಿದ ಎತ್ತುಗಳಾದವು.

"ಏನೋ ಇದು?" ಗೌಡರು ತುಟಿ ಅಲುಗಿಸದೆ ಕೇಳಿದರು.

"ಲಾಡಿ ಅದರಿ ಗೌಡ್ರ. ಬೆರಳು ಮಡಚಲಿ ಅಂತ. ನಿಮ್ಮ ಕಾಲಿಗಿ ಬೀಳ್ತೇನಿ, ವಲ್ಲಿ ಎತ್ತಬ್ಯಾಡ್ರಿ."

ಗೌಡರ ಬೆರಳು ಒಂದೊಂದೇ ಕುಣಿಕೆ ತಡವಿ ನೋಡಿತು. ಭೀಮಶಾ ಬೈಗುಳಕ್ಕೆ ಕಾದ.

"ಖರೇನ ಮಡಚ್ತಾವೇನು ಇದರಿಂದ?" ಎಂದರು ಅವರು, ಇನ್ನೂ ಮೆಲ್ಲಗೆ. "ರೊಟ್ಟಿ ಮುರಿಯಾಕ ಬರವಲ್ದು ನನಗ. ಸೊಸಿ ನೋಡ್ತಾಳಂತ ಹಾಲಾಗ ನೆನಸಿ ತಿಂತೇನಿ, ಹಲ್ಲು ಸಡಿಲಾಗ್ಯಾವ ಅಂತ ಸುಳ್ಳು ಹೇಳಿ. ಇದನ್ನ ನನಗೂ ಹೇಳಿಕೊಡು. ಮನ್ಯಾಗ ಆಗೂದಿಲ್ಲ, ಇಲ್ಲೇ ಹೇಳಿಕೊಡು."

"ಎತ್ತು?"

"ಎತ್ತು ಎಲ್ಲಿ ಓಡಿಹೋಗ್ತಾವ?"

ವಲ್ಲಿಯ ಹೊರಗೆ ಮಂದಿ ಸೇರತೊಡಗಿತು. ಬೆರಳುಗಳು ಇಷ್ಟು ಹೊತ್ತು ಮಾತಾಡಿದ್ದನ್ನು ಯಾರೂ ಕಂಡಿರಲಿಲ್ಲ. ವಲ್ಲಿ ಮಾತ್ರ ಒಳಗೆ ಬೆಕ್ಕಿನ ಮರಿ ಬಿಟ್ಟಂತೆ ಅಲ್ಲಾಡುತ್ತಿತ್ತು.

"ಗೌಡ ಹಟ ಹಿಡದಾನ."

"ಇಷ್ಟೊತ್ತು ಅಂದ್ರ ಎತ್ತಲ್ಲಲೇ, ಖಜೂರಿ ಊರೇ ಮಾರಾಕತ್ತಾನ."

ಹುಲೆಪ್ಪ ಮೆಲ್ಲಗೆ ಸೈದಪ್ಪನ ಪಕ್ಕಕ್ಕೆ ಸರಿದು ಕಿವಿಯಲ್ಲಿ ಏನೋ ಊದಿದ್ದು ಭೀಮಶಾನಿಗೆ ಕಂಡಿತು. ಎದ್ದು ಹೋಗೋಣವೆಂದರೆ ಗೌಡರ ಉಂಗುರ ಬಿಡಬೇಕಲ್ಲ.

ಅಷ್ಟರಲ್ಲಿ ಮಂದಿ ಎರಡು ಪಾಲಾಗಿ ದಾರಿ ಬಿಟ್ಟಿತು. ಠಾಣೆಯ ವಯಸ್ಸಾದ ಜಮಾದಾರ ರಸೂಲ ಬಂದೂಕು ಹೆಗಲಿಗೇರಿಸಿ ನಿಂತಿದ್ದ. ಅವನಿಗೆ ಕಂಡದ್ದು ಗಡಿಯ ಊರಿನ ಗೌಡ, ಬಟ್ಟೆ ಮುಚ್ಚಿದ ಕೈ, ಮುಗಿಯದ ಗುಸುಗುಸು. ಆ ದಿನಗಳಲ್ಲಿ ಇದಕ್ಕಿಂತ ಕಡಿಮೆ ಕಾರಣಕ್ಕೆ ಜನ ಠಾಣೆಯಲ್ಲಿ ರಾತ್ರಿ ಕಳೆದಿದ್ದರು.

"ಒಳಗ ಏನದ?"

"ದರಾ, ಜಮಾದಾರ್ರ" ಎಂದರು ಗೌಡರು. ಅವರ ಮುಖದಲ್ಲಿ ರಕ್ತವಿರಲಿಲ್ಲ.

ರಸೂಲ ವಲ್ಲಿಯ ತುದಿ ಹಿಡಿದ. ಆದರೆ ಅವನೂ ಇದೇ ನೆಲದವನು, ಅವನಪ್ಪನೂ ಇದೇ ಸಂತೆಯಲ್ಲಿ ಎಮ್ಮೆ ಮಾರಿದವನು. ವಲ್ಲಿ ಎತ್ತಲು ಅವನಿಗೂ ಕೈ ಬರಲಿಲ್ಲ. ಕುಕ್ಕರುಗಾಲಲ್ಲಿ ಕುಳಿತು, ತಾನೂ ಒಳಗೆ ಬಲಗೈ ಹಾಕಿ ತಡಕಿದ. ನೂಲು ಸಿಕ್ಕಿತು. ಲಾಡಿ ಸಿಕ್ಕಿತು. ಅವನ ಹುಬ್ಬು ಮೇಲೆ ಹೋಯಿತು.

ಜೀವಮಾನವಿಡೀ ಕತ್ತಲಲ್ಲಿ ಬೆರಳು ಓದಿದ ಭೀಮಶಾ ಆ ಬೆರಳುಗಳನ್ನೂ ಓದಿದ. ನಾಲ್ಕು ಬೆರಳು ಕೆದಕುತ್ತಿದ್ದವು. ತೋರುಬೆರಳು ಮಾತ್ರ ನೆಟ್ಟ ಗೂಟದಂತೆ ಸೆಟೆದು ನಿಂತಿತ್ತು.

"ಇದು ಮಡಚೂದಿಲ್ಲಲ್ರಿ" ಎಂದ, ಬಾಯಿ ತಪ್ಪಿ.

ರಸೂಲ ಥಟ್ಟನೆ ಆಚೀಚೆ ನೋಡಿದ. ಆಮೇಲೆ ಬಂದೂಕನ್ನು ಬೇವಿನ ಮರಕ್ಕೆ ಒರಗಿಸಿ, ಮಂದಿಯ ಕಡೆ ತಿರುಗಿ, "ವ್ಯವಹಾರ ದೊಡ್ಡದದ, ನಾ ತಪಾಸ ಮಾಡಾಕತ್ತೇನಿ. ಹಿಂದಕ ಸರೀರಿ" ಎಂದ. ಮತ್ತೆ ಬಗ್ಗಿ ಪಿಸುಗುಟ್ಟಿದ: "ಠಾಣ್ಯಾಗ ಯಾರಿಗೂ ಗೊತ್ತಿಲ್ಲ. ಬಂದೂಕ ಹೊತ್ತು ತಿರಗತೇನಿ ಅಷ್ಟ, ಹೊಡಿಯಾಕ ಬರವಲ್ದು. ಗೊತ್ತಾದ್ರ ನೌಕರಿ ಹೋಗ್ತದ. ಇದು ಗುಣ ಆಗ್ತದೇನು?"

ಭೀಮಶಾ ಮರಕ್ಕೊರಗಿದ ಬಂದೂಕನ್ನು ನೋಡಿದ. ರಸೂಲನ ಮುಖವನ್ನೂ ನೋಡಿದ. ಬಿಸಿಲಿಗೆ ಕಂದಿದ, ದಣಿದ ಮುಖ, ತನ್ನಂಥದೇ. ಈ ಮುದುಕ ಒಳ್ಳೆಯವನಿರಬಹುದು. ಆದರೆ ಹುಕುಂ ಕೊಡುವವರು ಬೇರೆ. ಈ ಬೆರಳು ಮಡಚದೆ ಇರುವುದರಿಂದಲೇ ಯಾರೋ ಒಬ್ಬರು ಈ ಹೊತ್ತು ಮನೆಯಲ್ಲಿ ಕುಳಿತು ಉಣ್ಣುತ್ತಿರಬಹುದು. ಆಗುವುದಿಲ್ಲ ಎನ್ನುವುದಕ್ಕೆ ಧೈರ್ಯ ಸಾಲದು. ಆಗುತ್ತದೆ ಎನ್ನುವುದಕ್ಕೆ ಮನಸ್ಸು ಒಪ್ಪದು. ನಡುವಿನ ದಾರಿ ಹುಡುಕುವುದೇ ದಲಾಲಿಯ ಕಸುಬಲ್ಲವೇ? ಅವನಿಗೆ ಒಂದು ಉಪಾಯ ಹೊಳೆಯಿತು.

"ಆಗ್ತದರಿ. ಆದ್ರ ನಿಮಗ ಬ್ಯಾರೆ ನಮೂನಿ. ಕುಣಿಕಿ ಎಡಗೈಗಿ ಹಾಕ್ಕೋಬೇಕು. ಬಲಗೈ ಬೆರಳಿಗಿ ನೂಲು ಹಚ್ಚಿ ತ್ರಾಸ ಕೊಡಬಾರದು. ಅದು ಬರೇ ಕುಣಿಕಿ ಎತ್ತಿದ್ರ ಸಾಕು."

ರಸೂಲ ಕೃತಜ್ಞತೆಯಿಂದ ತಲೆಯಾಡಿಸಿದ. ಭೀಮಶಾನಿಗೆ ತನ್ನ ಜಾಣತನಕ್ಕೆ ಒಳಗೇ ನಗು ಬಂತು. ನಗುವಿನ ಹಿಂದೆಯೇ, ಒಬ್ಬ ರೋಗಿಗೆ ಖಾಲಿ ಪುಡಿಕೆ ಕಟ್ಟಿಕೊಟ್ಟಂತೆ ನಾಚಿಕೆಯೂ ಬಂತು. ಗೌಡರ ಉಂಗುರ ಬಿಡಿಸಿ ಅವರ ನೋವಿನ ಕೈಗೆ ನೂಲು ಸುತ್ತಿದ, ರಸೂಲನ ಎಡಗೈಗೆ ಸುತ್ತಿದ. ಮೂವರು ವಯಸ್ಸಾದವರು ಒಂದೇ ವಲ್ಲಿಯೊಳಗೆ ಕೈಯಿಟ್ಟುಕೊಂಡು ಕುಳಿತರು. ಆ ಹೊತ್ತಿನಲ್ಲಿ ಯಾರಿಗೂ ಯಾರ ಹೆದರಿಕೆಯೂ ಇರಲಿಲ್ಲ.

ಬೇವಿನ ನೆರಳು ಕಲ್ಲು ದಾಟಿ ಹೋದಾಗ ರಸೂಲ ನಗುತ್ತ ಎದ್ದ. "ಕೈ ಬೆಚ್ಚಗಾತು ನೋಡ್ರಿ. ಗುಣ ಆಗೂತನಕಾ ಪ್ರತಿ ಸಂತಿಗೂ ಇಲ್ಲೇ ಬಂದು ಕುಂದರತೇನಿ."

ಭೀಮಶಾ ಸುತ್ತ ನೋಡಿದ. ಜಮಾದಾರ ಕುಳಿತ ಜಾಗದ ಹತ್ತಿರ ಒಂದು ಕರುವೂ ಉಳಿದಿರಲಿಲ್ಲ. ಬಿಳಿಯ ಜೋಡಿಯ ಹಗ್ಗ ಹಿಡಿದು ಅಫಜಲಪುರದ ಕಡೆಯವನೊಬ್ಬ ಸಂತೆಯಿಂದ ಹೊರಗೆ ನಡೆಯುತ್ತಿದ್ದ. ಹುಲೆಪ್ಪ ತನ್ನ ವಲ್ಲಿ ಝಾಡಿಸಿ ಹೆಗಲಿಗೆ ಹಾಕಿಕೊಳ್ಳುತ್ತ ಹೇಳಿದ: "ನಿನ್ನ ಕೈ ತೊದಲೂದಿಲ್ಲ ಬಿಡೋ ಭೀಮಶಾ. ಪುರಾಣ ಹೇಳ್ತದ."

ಸಂಜೆ ಗೋಡೆಯಾಚೆಯಿಂದ ಹಮೀದಾಬೇಗಂಳೇ ಮೊದಲು ಕರೆದಳು. "ಕೈ ಮಾತಾಡ್ತೇನು ಭಾಯ್?"

ಅವನು ನಡೆದದ್ದೆಲ್ಲ ಹೇಳಿದ. ಜಮಾದಾರನ ಹೆಸರು ಮಾತ್ರ ನುಂಗಿದ. "ಬೆರಳು ಇನ್ನೂ ಪೂರಾ ಮಡಚವಲ್ದು ಆಪಾ."

"ನೂಲು ಯಾವ ಕೈಗಿ ಹಾಕ್ಕೊಂಡಿದ್ದಿ?"

"ನೋವಿದ್ದ ಕೈಗೇ. ಬಲಗೈಗಿ."

ಗೋಡೆಯಾಚೆ ಬಹಳ ದಿನಗಳ ಮೇಲೆ ನಗು ಕೇಳಿಸಿತು. "ಅಯ್ಯ ನಮ್ಮಪ್ಪಾ, ಕುಣಿಕಿ ಹಾಕ್ಕೊಂಡ ಕೈ ಬರೇ ಗೂಟ. ಅದು ಸುಮ್ನ ನಿಂತಿರ್ತದ. ಎತ್ತಿ ದಾಟಿಸೋ ಬೆರಳೇ ಬಗ್ಗಬೇಕು, ಏಳಬೇಕು. ಗುಣ ಆಗೂದು ಅದಕ. ನಿನ್ನ ಎಡಗೈ ಬೆರಳು ನೋಡ್ಕೋ, ಹೆಂಗಾಗ್ಯಾವ."

ಭೀಮಶಾ ಎಡಗೈ ಮಡಚಿದ. ಬೆರಳುಗಳು ಹಸುಗೂಸಿನವಂತೆ ಸಲೀಸಾಗಿ ಮುಚ್ಚಿದವು, ತೆರೆದವು. ಬಲಗೈಯ ಉಂಗುರಬೆರಳು ಎಂದಿನಂತೆ ಎದ್ದು ನಿಂತೇ ಇತ್ತು. ರೊಟ್ಟಿ ಮುರಿಯಲಾರದ ಗೌಡರ ಬಲಗೈಗೆ ತಾನೇ ನೂಲು ಸುತ್ತಿ ಕಳಿಸಿದ್ದ. ಆಮೇಲೆ ರಸೂಲನ ಎಡಗೈ ನೆನಪಾಯಿತು. ಬಲಗೈಯ ತೋರುಬೆರಳಿನಿಂದ ಒಂದೊಂದೇ ಕುಣಿಕೆ ಎತ್ತಿ ದಾಟಿಸುತ್ತ, ಕೈ ಬೆಚ್ಚಗಾಯಿತೆಂದು ಅವನು ನಕ್ಕದ್ದು ನೆನಪಾಯಿತು.

"ಭಾಯ್, ಇನ್ನೊಂದು ಉಂಡಿ ಒಗೀಲೇನು?"

"ಒಗಿ ಆಪಾ" ಎಂದ ಭೀಮಶಾ. "ಕಲಿಸಿದ್ದನ್ನ ಮರೆಸೋ ನೂಲು ನಿನ್ನತ್ರ ಇದ್ರ, ಅದನ್ನೇ ಒಗಿ."