ಮಾವನ ಶುದ್ಧ ಕನ್ನಡ

ನಮ್ಮ ಸೋದರಮಾವನಿಗೆ ಹುಚ್ಚು ಹಿಡಿದಿದೆ ಎಂದು ಶಹಾಬಾದಿನ ಅರ್ಧ ಜನ ನಂಬಿದ್ದರು. ಉಳಿದರ್ಧ ಜನರ ಜೊತೆ ಆತ ಇನ್ನೂ ಮಾತಾಡಿರಲಿಲ್ಲ, ಅಷ್ಟೇ!

ಆತನದು ಕಲ್ಲು ಕೊಯ್ದು ಪಾಲಿಶ್ ಮಾಡುವ ಕಾರ್ಖಾನೆ. ಒಬ್ಬಳೇ ಮಗಳು. ಸಣ್ಣವಳಿದ್ದಾಗ ಜ್ವರ ಬಂದು ಅವಳ ಕಿವಿ ಹೋಯಿತು, ಮಾತು ಉಳಿಯಿತು. ಕಲಬುರಗಿಯಲ್ಲಿ ಡಿಗ್ರಿಗೆ ಸೇರಿದಾಗ ಕಾಲೇಜಿನವರು ಅವಳಿಗೊಂದು ಟ್ಯಾಬ್ ಕೊಟ್ಟರು. ಎದುರಿಗಿದ್ದವರು ಆಡಿದ್ದನ್ನು ಅದು ಅಕ್ಷರವಾಗಿ ಬರೆದು ತೋರಿಸುತ್ತದೆ. ಮೇಷ್ಟ್ರು ಬೋರ್ಡಿನತ್ತ ತಿರುಗಿ ಪಾಠ ಮಾಡಿದರೂ ಇವಳಿಗೆ ಈಗ ಚಿಂತೆಯಿಲ್ಲ. ದಸರೆ ರಜೆಗೆ ಬಂದವಳು ಅದನ್ನು ಅಪ್ಪನ ಮುಂದಿಟ್ಟು, "ಮಾತಾಡಪ್ಪಾ" ಎಂದಳು.

"ಉಣ್ಣಾಕ ಬಾ ಅವ್ವಾ, ರೊಟ್ಟಿ ಆರಾಕತ್ತಾವ" ಎಂದ ಮಾವ.

ಟ್ಯಾಬ್ ಬರೆಯಿತು: "ಅಣ್ಣ ಹಾಕ ಬಾವ, ತೊಟ್ಟಿ ಹಾರುತ್ತವೆ."

ಮಗಳು ಬಿದ್ದು ಬಿದ್ದು ನಕ್ಕಳು. ಮಾವ ನಗಲಿಲ್ಲ. ಹುಟ್ಟಿದಾಗಿನಿಂದ ಆಡಿದ ಮಾತು ಒಂದು ಯಂತ್ರಕ್ಕೆ ತಿಳಿಯುವುದಿಲ್ಲವೆಂದರೆ! ಟಿವಿ ವಾರ್ತೆಯ ಮುಂದೆ ಕೂತು ಅಭ್ಯಾಸ ಮಾಡಿದ. ಮರುದಿನ ಟ್ಯಾಬಿನ ಮೇಲೆ ಬಗ್ಗಿ ಘೋಷಿಸಿದ: "ಪ್ರಿಯ ಪುತ್ರಿಯೇ, ಭೋಜನಕ್ಕೆ ಆಗಮಿಸು. ರೊಟ್ಟಿಗಳು ತಣ್ಣಗಾಗುತ್ತಿವೆ." ಒಂದಕ್ಷರ ತಪ್ಪಲಿಲ್ಲ! ಅಲ್ಲಿಗೆ ಕೆಟ್ಟಿತು ಕೆಲಸ. ನಾಲಿಗೆಗೆ ರೂಢಿ ತಪ್ಪಬಾರದೆಂದು ಊರಿಗೆಲ್ಲ ಅದೇ ಭಾಷೆ.

ಚಹಾದ ಅಂಗಡಿಯಲ್ಲಿ "ಸಹೋದರ, ಅರ್ಧ ಲೋಟ ಚಹಾ ದಯಪಾಲಿಸು" ಎಂದಾಗ ಅಂಗಡಿಯವ ಕೈಮುಗಿದ: "ಯಾಕ್ರಿ ಸಾವ್ಕಾರ್ರೆ, ನಂದೇನ್ ತಪ್ಪಾತ್ರಿ?" ಲಾರಿ ಓಡಿಸುವ ಚಾಚಾ ನನ್ನನ್ನು ಬದಿಗೆ ಕರೆದು, "ಸೇಟ್‌ರ ತಬಿಯತ್ ಖರಾಬ್ ಐತೇನ್ರಿ?" ಎಂದು ಕೇಳಿದ. ಅತ್ತೆಯ ಕಷ್ಟವೇ ಬೇರೆ. ಭರ್ಜರಿ ಜಗಳದ ನಡುವೆ ಮಾವ, "ಮಡದಿ, ನಿನ್ನ ಕೋಪ ಸಮಂಜಸವಲ್ಲ" ಎಂದುಬಿಟ್ಟ.

"ಹಿಂಗಂದ್ರ ನಾ ತಿರುಗಿ ಏನಂತ ಬೈಲಿ?" ಎಂದು ಅತ್ತೆ ನನ್ನ ಮುಂದೆ ಗೋಳಿಟ್ಟಳು. "ಯಾವ್ದರ ಮಠಕ್ಕ ಕರ್ಕೊಂಡ್ ಹೋಗೋ ಇವರನ್ನ!"

ರಜೆ ಮುಗಿದು ಮಗಳು ಹೊರಟ ದಿನ ಸ್ಟೇಷನ್ನಿಗೆ ನಾನೂ ಹೋಗಿದ್ದೆ. ಮಾವ ಟ್ಯಾಬ್ ಹಿಡಿದು, ಅದರಲ್ಲೇ ಕಣ್ಣು ನೆಟ್ಟು, "ಪುತ್ರಿಯೇ, ಏಕಾಗ್ರತೆಯಿಂದ ವ್ಯಾಸಂಗ…" ಎನ್ನುವಷ್ಟರಲ್ಲಿ ಅವಳು ಅದನ್ನು ಕಸಿದು ಚೀಲಕ್ಕೆ ಹಾಕಿದಳು.

"ಇದು ಕಾಲೇಜಿಗಿ ಬೇಕಪ್ಪಾ. ಅಲ್ಲಿ ಇದಿಲ್ದ ನಂಗ ನಡ್ಯಂಗಿಲ್ಲ. ಆದ್ರ ಇದು ಬಂದಾಗಿಂದ ನೀ ನನ್ನ ಮುಖ ನೋಡೋದೇ ಬಿಟ್ಟಿ. ಇಷ್ಟು ವರ್ಷ ನಿನ್ನ ತುಟಿ ನೋಡೇ ನಾ ಎಲ್ಲಾ ತಿಳ್ಕೊಂಡೀನಿ. ನನ್ನ ನೋಡ್ಕೋತ ಮಾತಾಡು."

ರೈಲು ಬಂತು. ಅವಳು ಹತ್ತಿ ಕಿಟಕಿಯ ಬಳಿ ಕೂತಳು. ಮಾವ ಕಂಬಿ ಹಿಡಿದು ಅವಳನ್ನೇ ನೋಡಿದ, ಬಾಯಿ ತೆರೆದ. ದನಿ ಹೊರಡಲಿಲ್ಲ. ತುಟಿಗಳು ಮಾತ್ರ ಅಲುಗಿದವು. ಪಕ್ಕದಲ್ಲೇ ನಿಂತ ನನಗೆ ಏನೂ ಕೇಳಿಸಲಿಲ್ಲ.

ಒಳಗಿನಿಂದ ಅವಳು ಕಣ್ಣೊರೆಸಿಕೊಳ್ಳುತ್ತ, "ಹೂಂನಪ್ಪಾ, ದಿನಾ ಹೊಟ್ಟಿತುಂಬ ಉಣ್ತೀನಿ" ಎಂದಳು.